ತಾಲರ್ ಗುಂಡಿಯ ತಾಲರ್

ಜನವರಿ ತಿಂಗಳ ಎರಡನೇ ಶನಿವಾರ ಹತ್ತಿರ ಬಂತೆಂದರೆ ಸೆಲ್‌ಗ್ರುಂಡ್ ಊರಿನ ಬಡಗಿ ವೆಂಡೆಲಿನ್ ತಾಲರ್‌ನ ಮುಖ ಹುಳಿ ಹಿಂಡಿದ ಹಾಗಾಗುತ್ತಿತ್ತು. ಅವತ್ತು ರಾಬೆನ್ ಬೆಟ್ಟದ ನೆತ್ತಿಯಿಂದ ಊರಿನ ಚರ್ಚಿನ ಹಿಂದಿನ ಬಯಲಿನವರೆಗೆ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಇಳಿಜಾರಿನ ಸ್ಕೀ ಓಟ. ಬೆಳಿಗ್ಗೆ ಹತ್ತೂವರೆಗೆ ಧ್ವನಿವರ್ಧಕ ಬಾಯಿ ತೆರೆಯಿತೆಂದರೆ ಮಧ್ಯಾಹ್ನದವರೆಗೂ ಅವನ ಹೆಸರು ಕಣಿವೆಯ ಈ ಬದಿಯ ಬಂಡೆಗೆ ಬಡಿದು ಆ ಬದಿಯ ಬಂಡೆಯಿಂದ ವಾಪಸು ಬರುತ್ತಿತ್ತು. ಇಗೋ ತಾಲರ್ ಗುಂಡಿಗೆ ಇಳಿದ, ತಾಲರ್ ಗುಂಡಿ ದಾಟಿದ, ಪಾಪ, ತಾಲರ್ ಗುಂಡಿಯಲ್ಲಿ ಬಿದ್ದ. ಬದುಕಿರುವ ಮನುಷ್ಯನ ಹೆಸರನ್ನು ಒಂದು ಹಳ್ಳಕ್ಕೆ ಇಟ್ಟು, ಅಲ್ಲಿ ಬಿದ್ದವರನ್ನೆಲ್ಲ ಅವನ ತಲೆಗೆ ಕಟ್ಟುವುದು ಯಾವ ನ್ಯಾಯ ಎಂದು ಅವನು ಕೇಳದ ಜನ ಆ ಊರಿನಲ್ಲಿ ಉಳಿದಿರಲಿಲ್ಲ. ಕೇಳಿ ಕೇಳಿ ಅವರಿಗೂ ಸಾಕಾಗಿತ್ತು.

ಹಾಗೆ ನೋಡಿದರೆ ಆ ಓಟಕ್ಕೂ ತಾಲರ್ ಮನೆಗೂ ಹಳೆಯ ನಂಟು. ೧೯೩೧ರಲ್ಲಿ ಮೊದಲ ಸಲ ಓಟ ನಡೆದಾಗ ಇದ್ದವರು ಹನ್ನೊಂದೇ ಜನ. ಅವರಲ್ಲಿ ವೆಂಡೆಲಿನ್‌ನ ಅಪ್ಪ ಬ್ಲಾಸಿಯುಸ್ ಒಬ್ಬ. ಆಗ ತಂತಿಯ ಮೇಲೆ ತೂಗುತ್ತ ಮೇಲೆ ಕರೆದುಕೊಂಡು ಹೋಗುವ ತೊಟ್ಟಿಲು ಬಂಡಿಗಳಿರಲಿಲ್ಲ. ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ಸೀಲ್ ಪ್ರಾಣಿಯ ಚರ್ಮ ಕಟ್ಟಿಕೊಂಡು ನಾಲ್ಕು ಗಂಟೆ ಹತ್ತಿ, ನೆತ್ತಿಯ ಮರದ ಶಿಲುಬೆಯ ಹತ್ತಿರ ರೊಟ್ಟಿ ತಿಂದು, ಹನ್ನೊಂದೂ ಜನ ಒಟ್ಟಿಗೇ ಹಾರಿದ್ದರು. ಹಿಂದಿನ ದಿನವೇ ಊರಿನ ಹೆಂಗಸರು ಸಾಲಾಗಿ ನಿಂತು ಹಿಮ ತುಳಿದು ಗಟ್ಟಿ ಮಾಡಿದ್ದರು. ಬ್ಲಾಸಿಯುಸ್‌ನ ಒಂದು ಸ್ಕೀ ಕಾಡಿನಲ್ಲೇ ಮುರಿಯಿತು. ಉಳಿದೊಂದರ ಮೇಲೆ ಕುಂಟುತ್ತ ಜಾರುತ್ತ ಬಂದು ನಾಲ್ಕನೆಯವನಾದ. ಸಾಯುವವರೆಗೂ ಅವನು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದ. ನಾಲ್ಕನೆಯ ಸ್ಥಾನದಲ್ಲಿ ಅಷ್ಟು ಸುಖವಾಗಿ ಬದುಕಿದ ಅಪ್ಪನನ್ನು ನೆನೆದಾಗ ವೆಂಡೆಲಿನ್‌ಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಗ ಅಪ್ಪನಿಗಿಂತ ಎಷ್ಟೋ ಪಾಲು ವೇಗದವನು. ಹದಿನಾರು ವರ್ಷಕ್ಕೇ ಉಳಿ ಸುತ್ತಿಗೆ ಹಿಡಿದು ಮನೆಗಳ ಮಾಡಿಗೆ ಮರದ ಹಲಗೆ ಹೊದಿಸುವ ಕೆಲಸಕ್ಕೆ ಬಿದ್ದವನು, ಕಡಿದಾದ ಮಾಡಿನ ಮೇಲೆ ಓಡಾಡಿ ಅವನ ಕಾಲಿಗೆ ಭಯವೇ ಇರಲಿಲ್ಲ. ೧೯೬೧ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವನು ಆ ಓಟ ಗೆದ್ದ.

ಗೆದ್ದ ಎನ್ನುವುದೇ ಮುಂದಿನ ಜಗಳಕ್ಕೆಲ್ಲ ಬೇರು. ಅವತ್ತು ಬೆಟ್ಟದ ಮೇಲರ್ಧ ಮಂಜಿನಲ್ಲಿ ಮುಳುಗಿತ್ತು. ಓಟದ ಮುಖ್ಯಸ್ಥ ಹೂಬರ್ಟ್ ಪ್ರಾಕ್ಸ್‌ಮಾರರ್ ಎಂಬವನು. ಊರಿನ ದೊಡ್ಡ ಹೋಟೆಲಿನ ಯಜಮಾನ, ಸ್ಕೀ ಸಂಘದ ಅಧ್ಯಕ್ಷ, ವೆಂಡೆಲಿನ್‌ಗಿಂತ ಒಂದೆರಡು ವರ್ಷ ದೊಡ್ಡವನು ಅಷ್ಟೆ. ಅಪ್ಪನಿಂದ ಹೋಟೆಲೂ ಅಧ್ಯಕ್ಷಗಿರಿಯೂ ಒಟ್ಟಿಗೇ ಕೈಗೆ ಬಂದಿದ್ದವು. ಎರಡು ಗಂಟೆ ಕಾದು ಕಾದು, ಕೊನೆಗೆ ನಡುಬೆಟ್ಟದಲ್ಲಿ ಒಣಹುಲ್ಲು ಕೂಡಿಡುವ ಹುಲ್ಲಿನ ಮನೆಯಿಂದಲೇ ಓಟ ಶುರುಮಾಡಿ ಎಂದು ಅವನೇ ಹೇಳಿದ. ಮೂವತ್ತು ಜನ ಓಡಿದರು. ಕೆಳಗೆ ಶಾಲೆಯ ಮೇಷ್ಟರು ಗಡಿಯಾರ ಹಿಡಿದಿದ್ದರು. ಪಕ್ಕದಲ್ಲಿ ಟೆಲಿಫೋನು ಕಿವಿಗಿಟ್ಟುಕೊಂಡು, ಮೇಲಿನಿಂದ ‘ಹೋದ’ ಎಂದ ಕೂಡಲೇ ಕೈ ಬೀಸುತ್ತ, ಇಳಿದವರ ಹೊತ್ತನ್ನು ಹಾಳೆಯಲ್ಲಿ ಬರೆಯುತ್ತಿದ್ದವಳು ಅಂಚೆ ಕಚೇರಿಯ ಹುಡುಗಿ ನೊಟ್‌ಬುರ್ಗಾ, ಊರಿಗೆಲ್ಲ ಬುರ್ಗಿ. ವೆಂಡೆಲಿನ್‌ನ ಹೊತ್ತು ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು ಎಂದು ಬರೆದವಳು ಅವಳೇ. ಎರಡನೆಯವನು ಅವನಿಗಿಂತ ಪೂರ್ತಿ ಒಂದು ಸೆಕೆಂಡು ಹಿಂದೆ. ಹಿತ್ತಾಳೆಯ ಲೋಟ ಕೊಟ್ಟರು, ಫೋಟೋ ತೆಗೆದರು. ಆ ವರ್ಷದ ಸುಗ್ಗಿಯ ಹೊತ್ತಿಗೆ ಬುರ್ಗಿಗೂ ಅವನಿಗೂ ಮದುವೆಯೂ ಆಯಿತು.

ಆದರೆ ಹೋಟೆಲಿನ ಹಜಾರದಲ್ಲಿ ಗೆದ್ದವರ ಹೆಸರು ಕೆತ್ತುವ ಉದ್ದನೆಯ ಹಲಗೆಯೊಂದಿತ್ತು. ಅದರಲ್ಲಿ ಆ ವರ್ಷದ ಎದುರು ‘ಓಟ ನಡೆಯಲಿಲ್ಲ’ ಎಂದು ಬಂತು. ಕೇಳಿದರೆ ಹೂಬರ್ಟ್, ಅರ್ಧ ಬೆಟ್ಟದ ಓಟ ಓಟವೇ ಅಲ್ಲ, ಎರಡು ವಾರ ಬಿಟ್ಟು ಪೂರ್ತಿ ಓಟ ಇಡುತ್ತೇವೆ, ಹೊರಗಿನ ದೊಡ್ಡ ಓಟಗಾರರೂ ಬರುತ್ತಾರೆ, ಆಗಲೂ ನೀನೇ ಗೆಲ್ಲು ಎಂದ. ದೊಡ್ಡ ಓಟಗಾರರು ಬಂದರೆ ಅವರ ಹಿಂದೆ ಜನ ಬರುತ್ತಾರೆ, ಹೋಟೆಲಿನ ಕೋಣೆಗಳು ಎರಡು ಸಲ ತುಂಬುತ್ತವೆ ಎಂಬ ಲೆಕ್ಕಾಚಾರ ಊರಿಗೆಲ್ಲ ಗೊತ್ತಿತ್ತು. ಎರಡು ವಾರ ಬಿಟ್ಟು ಬಿಸಿಗಾಳಿ ಬೀಸಿ ಹಿಮವೆಲ್ಲ ಕರಗಿ ನೀರಾಯಿತು. ಪೂರ್ತಿ ಓಟವೂ ಇಲ್ಲ, ಅರ್ಧ ಓಟವೂ ಇಲ್ಲ. ಹಲಗೆಯ ಮೇಲಿನ ಅಕ್ಷರ ಮಾತ್ರ ಉಳಿಯಿತು.

ವೆಂಡೆಲಿನ್ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೂ ಇಪ್ಪತ್ತೆರಡು ವಯಸ್ಸು, ಮುಂದೆ ಬೇಕಾದಷ್ಟು ಜನವರಿಗಳಿದ್ದವು.

ಮುಂದಿನ ವರ್ಷ ಅವನಿಗೆ ಜ್ವರ. ಅದರ ಮುಂದಿನ ವರ್ಷ, ೧೯೬೩ರಲ್ಲಿ, ರಾಬೆನ್ ಓಟವನ್ನು ಮೊದಲ ಸಲ ಟಿ.ವಿ.ಯಲ್ಲಿ ತೋರಿಸಿದರು. ನಾಲ್ಕು ಕ್ಯಾಮೆರಾ, ಅವುಗಳಲ್ಲೊಂದು ಹುಲ್ಲಿನ ಮನೆಯ ಪಕ್ಕದ ತಗ್ಗಿನ ಎದುರಿಗೆ. ಆ ತಗ್ಗಿಗೆ ಆಗ ಹೆಸರಿರಲಿಲ್ಲ. ರಾತ್ರಿಯ ಗಾಳಿಗೆ ಅಲ್ಲಿ ಸಡಿಲ ಹಿಮ ತುಂಬಿಕೊಂಡಿತ್ತು. ಬೆಳಿಗ್ಗೆ ಅದನ್ನು ಮತ್ತೆ ತುಳಿಯಲು ಹೋದ ಸಂಘದ ಆಳುಗಳನ್ನು, ಪ್ರಸಾರದ ಹೊತ್ತಾಯಿತು ಇಳಿದು ಬನ್ನಿ ಎಂದು ಹೂಬರ್ಟ್ ಅರ್ಧಕ್ಕೇ ಕರೆಸಿಕೊಂಡಿದ್ದ. ವೆಂಡೆಲಿನ್ ಏಳನೆಯವನಾಗಿ ಹೊರಟ. ನಡುಬೆಟ್ಟದಲ್ಲಿ ಎಲ್ಲರಿಗಿಂತ ಒಂದೂಕಾಲು ಸೆಕೆಂಡು ಮುಂದಿದ್ದ. ತಗ್ಗಿಗೆ ಇಳಿದವನ ಸ್ಕೀಯ ಮೂತಿ ಆ ಸಡಿಲ ಹಿಮಕ್ಕೆ ಹೂತು, ಅವನು ಗಾಳಿಯಲ್ಲಿ ಎರಡು ಲಾಗ ಹಾಕಿ ಹುಲ್ಲಿನ ಮನೆಯ ಗೋಡೆಗೆ ಬಡಿದ. ಕಾಲಿಂದ ಕಿತ್ತುಹೋದ ಸ್ಕೀ ಹಾರಿ ಮಾಡಿನ ಹಲಗೆಗಳ ನಡುವೆ ಸಿಕ್ಕಿ ಬಾವುಟದ ಕೋಲಿನ ಹಾಗೆ ನೆಟ್ಟಗೆ ನಿಂತಿತು. ಆ ಮಾಡಿಗೆ ಹಲಗೆ ಹೊದಿಸಿದವನೂ ಅವನೇ.

ಅವನ ಹಿಂದೆ ಬಂದ ಐವರು ಅದೇ ತಗ್ಗಿನಲ್ಲಿ ಬಿದ್ದರು. ಆದರೆ ಟಿ.ವಿ.ಯವರಿಗೆ ಬೇಕಾದದ್ದು ಮಾಡಿನ ಮೇಲೆ ನಿಂತ ಸ್ಕೀ. ಅದನ್ನು ಅವತ್ತು ಸಂಜೆ ತೋರಿಸಿದರು, ಮರುದಿನ ತೋರಿಸಿದರು, ಮರುವರ್ಷ ಓಟದ ಮೊದಲು ತೋರಿಸಿದರು. ತೊಡೆಯ ಎಲುಬು ಮುರಿದು ಏಳು ತಿಂಗಳು ಮಲಗಿದ್ದ ವೆಂಡೆಲಿನ್ ಎದ್ದಾಗ ಬಲಗಾಲು ಎರಡು ಬೆರಳಗಲದಷ್ಟು ಗಿಡ್ಡವಾಗಿತ್ತು. ಇನ್ನು ಓಟದ ಮಾತಿಲ್ಲ. ಮರುವರ್ಷದ ಜನವರಿಯಲ್ಲಿ ಸಂಘದವರು ಹಂಚಿದ ಓಟದ ನಕ್ಷೆಯಲ್ಲಿ ಆ ತಗ್ಗಿನ ಪಕ್ಕ ಅಚ್ಚಾಗಿತ್ತು: ತಾಲರ್ ಗುಂಡಿ.

ಅವನು ನಕ್ಷೆ ಹಿಡಿದುಕೊಂಡು ಕುಂಟುತ್ತಲೇ ಹೋಟೆಲಿಗೆ ಹೋದ. ಹೂಬರ್ಟ್ ಅಡುಗೆಮನೆಯಲ್ಲಿ ಹೊಗೆಯಾಡಿಸಿದ ಮಾಂಸ ತೆಳ್ಳಗೆ ಹೆಚ್ಚುತ್ತಿದ್ದ.

“ಇದೇನಿದು ಹೂಬರ್ಟ್?”

“ಗೌರವ ಕಣೋ. ಬದುಕಿದ್ದಾಗ ಯಾರಿಗೆ ಸಿಗುತ್ತೆ ಹೇಳು. ಪಾದ್ರಿಗಳ ಹೆಸರಲ್ಲಿ ಒಂದು ಬೀದಿ ಕೂಡ ಇಲ್ಲ ಈ ಊರಲ್ಲಿ.”

“ನಾನು ಗೆದ್ದ ವರ್ಷ ಓಟಾನೇ ನಡೀಲಿಲ್ಲ ಅಂತೀಯ. ಬಿದ್ದ ವರ್ಷ ಊರಿಗೆಲ್ಲ ಅಚ್ಚು ಹಾಕಿಸಿ ಹಂಚ್ತೀಯ. ಇದು ಗೌರವಾನಾ?”

ಹೂಬರ್ಟ್ ಒಂದು ತುಂಡು ಮಾಂಸವನ್ನು ಚಾಕುವಿನ ತುದಿಯಲ್ಲಿ ಚಾಚಿದ. “ತಿನ್ನು. ಜನ ಬಿದ್ದವನನ್ನ ನೆನಪಿಟ್ಕೋತಾರಪ್ಪ, ನಾನೇನು ಮಾಡ್ಲಿ.”

ವೆಂಡೆಲಿನ್ ತಿನ್ನಲಿಲ್ಲ.

ಅಲ್ಲಿಂದ ಶುರುವಾಯಿತು ಅವನ ಅರ್ಜಿಗಳ ಕಾಲ. ಪ್ರತಿ ವರ್ಷ ಶರತ್ಕಾಲದ ಸಂಘದ ಸಭೆಗೆ ಎರಡು ಬೇಡಿಕೆ: ಗುಂಡಿಯಿಂದ ನನ್ನ ಹೆಸರು ತೆಗೆಯಿರಿ, ಹಲಗೆಗೆ ನನ್ನ ಹೆಸರು ಹಾಕಿರಿ. ಹೆಸರು ಬೇಡ ಅನ್ನುವವನೂ ನೀನೇ, ಬೇಕು ಅನ್ನುವವನೂ ನೀನೇ ಎಂದು ಸಭೆ ನಗುತ್ತಿತ್ತು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಅರ್ಜಿಗಳು ಸುರಿದು ಹೋದವು. ಸಾಲದ್ದಕ್ಕೆ ಊರಿಗೆ ಇದ್ದ ಒಳ್ಳೆಯ ಬಡಗಿ ಅವನೊಬ್ಬನೇ. ಓಟದ ದಾರಿಯ ಬದಿಗೆ ಮರದ ಬೇಲಿ ಕಟ್ಟುವ ಕೆಲಸ ವರ್ಷಾ ವರ್ಷ ಅವನಿಗೇ ಬರುತ್ತಿತ್ತು. ತನ್ನದೇ ಹೆಸರಿನ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಮೊಳೆ ಹೊಡೆಯುವಾಗ, ಮೇಲಿಂದ ಸ್ಕೀ ಮೇಲೆ ಹೋಗುವ ಪ್ರವಾಸಿಗಳು ಅಲ್ಲೇ ನಿಂತು, ಇದೇನಾ ಆ ಗುಂಡಿ, ಆ ಪೆದ್ದ ಬಿದ್ದದ್ದು ಇಲ್ಲೇನಾ ಎಂದು ಅವನನ್ನೇ ಕೇಳುತ್ತಿದ್ದರು. ಇಲ್ಲೇ ಎನ್ನುತ್ತಿದ್ದ. ಇನ್ನೇನು ಹೇಳಿಯಾನು?

ಬುರ್ಗಿಗೆ ಅವನ ಗೋಳು ಕೇಳಿ ಕೇಳಿ ರೋಸಿಹೋಗಿತ್ತು. ಅವಳಿಗೆ ಅಂಚೆ ಕಚೇರಿಯ ಕೆಲಸ, ಇಬ್ಬರು ಹೆಣ್ಣುಮಕ್ಕಳು, ಮೂರು ಹಸು. ಜನವರಿ ತಿಂಗಳೆಲ್ಲ ಗಂಡ ಊಟದ ಮುಂದೆ ಗೊಣಗುತ್ತ ಕೂತರೆ, ನಿಮ್ಮ ಗುಂಡಿ ಬೆಟ್ಟದಲ್ಲಿಲ್ಲ, ನಮ್ಮ ಅಡುಗೆಮನೆಯಲ್ಲಿದೆ, ದಿನಾ ಅದರಲ್ಲಿ ಬೀಳುವವಳು ನಾನು ಎಂದುಬಿಡುತ್ತಿದ್ದಳು.

೧೯೭೮ರಲ್ಲಿ ಗಾಯದ ಮೇಲೆ ಬರೆ ಬಿತ್ತು. ಆ ಹೊತ್ತಿಗೆ ರಾಬೆನ್ ಓಟ ಹೆಸರುವಾಸಿಯಾಗಿತ್ತು; ಹದಿನೈದು ದೇಶದವರು ಬರುತ್ತಿದ್ದರು. ಆ ವರ್ಷ ನೆತ್ತಿಯಲ್ಲಿ ಬಿರುಗಾಳಿ, ನಿಂತವರನ್ನೇ ಎತ್ತಿ ಒಗೆಯುವಂಥದ್ದು. ಓಟವನ್ನು ನಡುಬೆಟ್ಟದ ಹುಲ್ಲಿನ ಮನೆಯಿಂದ ಶುರುಮಾಡಿದರು, ಅದೇ ಜಾಗದಿಂದ, ಒಂದು ಗೇಣೂ ಹೆಚ್ಚು ಕಡಿಮೆ ಇಲ್ಲದೆ. ಗೆದ್ದವನು ಪರದೇಶದ ದೊಡ್ಡ ಓಟಗಾರ. ಒಂದು ವಾರದೊಳಗೆ ಅವನ ಹೆಸರು ಹಲಗೆಯ ಮೇಲೆ ಬಂತು.

ವೆಂಡೆಲಿನ್ ಹಜಾರದಲ್ಲಿ ಹಲಗೆಯ ಮುಂದೆ ನಿಂತು ಅದನ್ನು ಮೂರು ಸಲ ಓದಿದ. ಆಮೇಲೆ ಹೂಬರ್ಟ್‌ನನ್ನು ಹುಡುಕಿಕೊಂಡು ಹೋಗಿ, ಅತಿಥಿಗಳು ಸೂಪು ಕುಡಿಯುತ್ತಿದ್ದ ಕೋಣೆಯಲ್ಲೇ ನ್ಯಾಯ ಕೇಳಿದ. ಅರ್ಧ ಬೆಟ್ಟದ ಓಟ ಓಟವಲ್ಲ ಎಂದವನು ನೀನು, ಈಗ ಹೇಗಾಯಿತು ಎಂದ. ಅದು ಅಂತರರಾಷ್ಟ್ರೀಯ ಓಟ, ಸ್ಕೀ ಒಕ್ಕೂಟದವರು ಒಪ್ಪಿದ್ದಾರೆ, ನಿನ್ನದು ಊರೊಳಗಿನ ಓಟ ಎಂದ ಹೂಬರ್ಟ್. ಹಾಗಾದರೆ ಮೂವತ್ತೊಂದರಲ್ಲಿ ಓಡಿದವರೆಲ್ಲ ಊರೊಳಗಿನವರೇ, ಗೆದ್ದವನ ಹೆಸರು ಹಲಗೆಯಲ್ಲಿ ಯಾಕಿದೆ ಎಂದ ವೆಂಡೆಲಿನ್. ಅದು ಪೂರ್ತಿ ಬೆಟ್ಟದ್ದು ಎಂದ ಹೂಬರ್ಟ್. ಹೀಗೆ ಎತ್ತಿನ ಗಾಣದ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂದರು. ಸೂಪಿನ ತಟ್ಟೆಗಳು ತಣ್ಣಗಾದವು. ವೆಂಡೆಲಿನ್ ಅವತ್ತೇ ಸಂಘಕ್ಕೆ ರಾಜೀನಾಮೆ ಬರೆದ; ಅರ್ಜಿ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಬೇಲಿ ಕಟ್ಟಲು ಬೇರೆ ಯಾರೂ ಸಿಗದೆ ಸಂಘ ಅವನನ್ನು ಕೂಲಿಗೆ ಕರೆಯಿತು. ಹೊಟ್ಟೆಪಾಡು, ಹೋದ.

೧೯೯೪ರಲ್ಲಿ ಯೆರ್ನೆಯ್ ಎಂಬ ಸ್ಲೊವೇನಿಯದ ಓಟಗಾರ, ಇಪ್ಪತ್ತು ವರ್ಷದವನು, ಆ ಗುಂಡಿಯಲ್ಲಿ ಬಿದ್ದು ಬೆನ್ನು ಮುರಿದುಕೊಂಡ. ಹೆಲಿಕಾಪ್ಟರ್ ಬಂದು ಅವನನ್ನು ಇನ್ಸ್‌ಬ್ರುಕ್‌ಗೆ ಒಯ್ದಿತು. ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದದ್ದು: ‘ಮತ್ತೆ ಬಲಿ ಕೇಳಿದ ತಾಲರ್’. ಗುಂಡಿ ಎಂಬ ಪದವನ್ನೂ ಬಿಟ್ಟುಬಿಟ್ಟಿದ್ದರು. ವೆಂಡೆಲಿನ್ ಪತ್ರಿಕೆಯನ್ನು ಮಡಿಸಿ ಒಲೆಗೆ ಹಾಕಿದ. ಆ ದಿನ ಉಣ್ಣಲಿಲ್ಲ. ವಾರ ಕಳೆದ ಮೇಲೆ ಬುರ್ಗಿಯೇ ವಾಲ್‌ನಟ್ ಕೇಕು ಮಾಡಿ, ಡಬ್ಬಿಗೆ ಹಾಕಿ ಕೈಗಿಟ್ಟಳು. ಇಲ್ಲಿ ಕೂತು ಕೊರಗುವ ಬದಲು ಹೋಗಿ ನೋಡಿಕೊಂಡು ಬನ್ನಿ ಎಂದಳು.

ಆಸ್ಪತ್ರೆಯಲ್ಲಿ ಆ ತರುಣ ಕುತ್ತಿಗೆಯಿಂದ ಸೊಂಟದವರೆಗೆ ಕಟ್ಟು ಹಾಕಿಸಿಕೊಂಡು ಚಾವಣಿ ನೋಡುತ್ತ ಮಲಗಿದ್ದ. ನಡೆಯಬಲ್ಲ, ಆದರೆ ಇನ್ನು ಓಡಲಾರ ಎಂದು ವೈದ್ಯರು ಹೇಳಿದ್ದರು. ವೆಂಡೆಲಿನ್ ಹೆಸರು ಹೇಳಿದ.

“ತಾಲರ್? ಆ ಗುಂಡಿ ತಾಲರಾ?” ತರುಣ ಕಣ್ಣು ಮಾತ್ರ ಹೊರಳಿಸಿದ. “ನೀವು ಎಂದೋ ತೀರಿಹೋಗಿದ್ದೀರಿ ಅಂದ್ಕೊಂಡಿದ್ದೆ.”

“ತುಂಬ ಜನ ಹಾಗೇ ಅಂದ್ಕೊಂಡಿದ್ದಾರಪ್ಪ.”

“ಅಲ್ಲೇ ಇರ್ತೀರಾ? ಅದೇ ಊರಲ್ಲಿ?”

“ಅಲ್ಲೇ. ಆ ಬೇಲಿ ಕಟ್ಟೋನು ನಾನೇ.”

ತರುಣ ಕಣ್ಣನ್ನು ಮತ್ತೆ ಚಾವಣಿಗೆ ತಿರುಗಿಸಿದ. ಆಮೇಲೆ ತನ್ನ ಅರೆಬರೆ ಜರ್ಮನ್‌ನಲ್ಲಿ, ಕೋಪವಿಲ್ಲದೆ, ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ: “ಮತ್ತೆ ಇಷ್ಟು ವರ್ಷ ಅದನ್ನ ಯಾಕೆ ಮುಚ್ಚಿಸಲಿಲ್ಲ?”

ವೆಂಡೆಲಿನ್ ಕುರ್ಚಿಯಿಂದ ಎದ್ದ. ಕೇಕಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಬಂದುಬಿಟ್ಟ. ರೈಲಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಕೊರೆಯಿತು. ಮೂವತ್ತು ವರ್ಷ ಮೂವತ್ತು ಅರ್ಜಿ ಬರೆದಿದ್ದ. ಹೆಸರು ತೆಗೆಯಿರಿ ಎಂದಿದ್ದ. ಗುಂಡಿ ಮುಚ್ಚಿ ಎಂದು ಒಂದು ಸಲವೂ ಬರೆದಿರಲಿಲ್ಲ. ಅಲ್ಲಿ ಸಡಿಲ ಹಿಮ ಹೇಗೆ ತುಂಬುತ್ತದೆ ಎಂದು ಅವನಷ್ಟು ಬಲ್ಲವರು ಆ ಊರಿನಲ್ಲಿ ಯಾರಿದ್ದರು? ತನ್ನ ಮೇಲೇ ಅವನಿಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಆ ವರ್ಷದ ಅರ್ಜಿ ಒಂದೇ ಸಾಲಿನದು: ಗುಂಡಿ ಮುಚ್ಚಿ. ಒಕ್ಕೂಟದವರೂ ಅದನ್ನೇ ಹೇಳಿದ್ದರಿಂದ ಸಭೆ ನಗಲಿಲ್ಲ. ೧೯೯೫ರ ಬೇಸಿಗೆಯಲ್ಲಿ ಲಾರಿಗಳಲ್ಲಿ ಮಣ್ಣು ಕಲ್ಲು ಬಂದು, ಯಂತ್ರಗಳು ಗುಂಡಿಯನ್ನು ತುಂಬಿ ಹುಲ್ಲುಬೀಜ ಬಿತ್ತಿದವು. ವೆಂಡೆಲಿನ್ ಪ್ರತಿದಿನ ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಹೋಗಿ ಬೇಲಿಯ ಮೇಲೆ ಕೂತು ನೋಡಿದ. ಕೊನೆಯ ದಿನ ತುಂಬಿದ ನೆಲದ ಮೇಲೆ ತಾನೇ ನಡೆದು, ಗಿಡ್ಡ ಕಾಲನ್ನು ಒತ್ತಿ ಒತ್ತಿ ಮಣ್ಣು ಕುಸಿಯುತ್ತದೆಯೇ ಎಂದು ಪರೀಕ್ಷಿಸಿದ. ಮನೆಗೆ ಬಂದು ಬುರ್ಗಿಗೆ, ಇನ್ನು ನಾವು ಬರಿಯ ತಾಲರ್ ಕಣೇ ಎಂದ.

ಜನವರಿಯಲ್ಲಿ ಧ್ವನಿವರ್ಧಕ ಕೂಗಿತು: ‘ತಾಲರ್ ಗುಂಡಿ ದಾಟಿದ, ಎಷ್ಟು ಸಲೀಸಾಗಿ ದಾಟಿದ ನೋಡಿ.’

ವೆಂಡೆಲಿನ್ ಬಯಲಿನ ಆಚೆ ಕಟ್ಟಿದ್ದ ಉದ್ಘೋಷಕರ ಗೂಡಿಗೆ ಏಣಿ ಹತ್ತಿ ಹೋದ. ಅಲ್ಲಿದ್ದವನು ಪಟ್ಟಣದಿಂದ ಬಂದ ಹೊಸಬ.

“ಎಲ್ಲಿದೆಯಯ್ಯಾ ಗುಂಡಿ? ನಂಗೂ ತೋರ್ಸು.”

“ಗುಂಡಿ ಇಲ್ಲದಿದ್ರೇನು ಯಜಮಾನ್ರೇ, ಜಾಗ ಇದೆಯಲ್ಲ. ಏನಾದ್ರೂ ಒಂದು ಅನ್ನಬೇಕಲ್ಲ ಅದಕ್ಕೆ.”

ಆ ಜಾಗದ ಪಕ್ಕ ಹೂಬರ್ಟ್‌ನ ಹೋಟೆಲಿನವರು ಡೇರೆ ಹಾಕಿ ಬಿಸಿ ಸಾಸೇಜು, ಹಣ್ಣಿನ ಸಾರಾಯಿ ಮಾರುತ್ತಿದ್ದರು. ಡೇರೆಯ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ ‘ತಾಲರ್ ಗುಂಡಿ’ ಎಂದು ಬರೆದಿತ್ತು. ಮೊದಲು ನಕ್ಷೆಯಲ್ಲಿ ಮಾತ್ರ ಇದ್ದದ್ದು ಈಗ ಎರಡು ಮೈಲಿ ದೂರಕ್ಕೆ ಕಾಣುತ್ತಿತ್ತು.

೨೦೦೧ರಲ್ಲಿ ಹಜಾರದ ಹಲಗೆ ತುಂಬಿತು. ಇನ್ನೊಂದು ಹೆಸರಿಗೆ ಜಾಗವಿಲ್ಲ. ಮೊದಲ ಓಟದಿಂದ ಈವರೆಗಿನ ಎಲ್ಲ ವರ್ಷಗಳನ್ನೂ ಹಿಡಿಸುವ ಹೊಸ ಹಲಗೆ ಮಾಡಿಸೋಣ ಎಂದು ಸಂಘ ತೀರ್ಮಾನಿಸಿತು. ಆ ಕೆಲಸಕ್ಕೆ ಕೈ ಇದ್ದವನು ಅರವತ್ತೆರಡು ವರ್ಷದ ವೆಂಡೆಲಿನ್ ಒಬ್ಬನೇ. ವರ್ಷಗಳ ಪಟ್ಟಿ ಟೈಪು ಮಾಡಿಸಿ ಕಳಿಸಿದರು. ಅದರಲ್ಲಿ ೧೯೬೧ರ ಎದುರು ಅದೇ ನಾಲ್ಕು ದಶಕಗಳ ಹಳೆಯ ಮಾತು: ಓಟ ನಡೆಯಲಿಲ್ಲ.

ಅವನು ಲಾರ್ಚ್ ಮರದ ಹಲಗೆ ಆರಿಸಿದ, ಒಣಗಿಸಿದ, ಜೋಡಿಸಿದ, ಕೀಸಿದ. ಓಟ ನಡೆಯದ ವರ್ಷಗಳ ಸಾಲುಗಳನ್ನು ಕೊನೆಗೆ ಬಿಟ್ಟುಕೊಂಡು, ಗೆದ್ದವರ ಹೆಸರುಗಳನ್ನು ಕೆತ್ತುತ್ತ ಬಂದ. ೧೯೬೦ರ ಹೆಸರು ಮುಗಿಸಿ ಉಳಿ ಕೆಳಗಿಟ್ಟ. ಯಾರೂ ನೋಡುತ್ತಿರಲಿಲ್ಲ, ತನ್ನ ಹೆಸರು ಕೆತ್ತಿದ್ದರೆ ಹಲಗೆ ಗೋಡೆಗೇರಿ ಎಷ್ಟೋ ದಿನದವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕದ್ದು ಕೆತ್ತುವುದು ಅವನಿಗೆ ಸೇರಲಿಲ್ಲ. ಸಭೆಯಲ್ಲೇ ಕೇಳುತ್ತೇನೆ, ಕೊನೆಯ ಸಲ ಎಂದು ಬುರ್ಗಿಗೆ ಹೇಳಿದ. ಅವಳು ತನ್ನ ಕೋಟು ತೆಗೆದುಕೊಂಡು ಜೊತೆಗೆ ಹೊರಟಳು. ನಲವತ್ತು ವರ್ಷದಲ್ಲಿ ಅವಳು ಆ ಸಭೆಗೆ ಕಾಲಿಟ್ಟಿರಲಿಲ್ಲ.

ಸಭೆಯಲ್ಲಿ ಇಪ್ಪತ್ತು ಜನರಿದ್ದರು. ಹೂಬರ್ಟ್ ಆಗ ಗೌರವಾಧ್ಯಕ್ಷ, ಉಬ್ಬಸದವನು, ಒಲೆಯ ಪಕ್ಕದ ಕುರ್ಚಿ ಅವನದು. ವೆಂಡೆಲಿನ್ ಎಂದಿನಂತೆ ಹೇಳಿದ, ಅವರು ಎಂದಿನಂತೆ ತಲೆ ತಗ್ಗಿಸಿ ಮುಗಿಯುವುದನ್ನು ಕಾದರು. ಆಗ ಬುರ್ಗಿ ಎದ್ದು ನಿಂತಳು.

“ಹೂಬರ್ಟ್, ಅವತ್ತು ಕೊನೆಗೆರೆ ಹತ್ರ ಬಾವುಟ ಹಿಡಿದಿದ್ದೋರು ಯಾರು?”

“ನಾನೇ,” ಎಂದ ಹೂಬರ್ಟ್.

“ಹೊತ್ತು ಬರೆದೋಳು ನಾನು. ಒಂದು ನಿಮಿಷ ಇಪ್ಪತ್ತೆರಡು. ಮೇಷ್ಟರು ಹೇಳಿದ್ದನ್ನ ನಿಮಗೇ ಗಟ್ಟಿಯಾಗಿ ಓದಿ ಹೇಳಿದ್ದೆ. ಓಟ ನಡೀಲಿಲ್ಲ ಅಂದ್ರೆ, ಅವತ್ತು ಆ ಚಳೀಲಿ ಮೂರು ಗಂಟೆ ಟೆಲಿಫೋನ್ ಹಿಡ್ಕೊಂಡು ನಾನೇನು ಮಾಡ್ತಿದ್ದೆ?”

ಯಾರೋ ಒಬ್ಬರು ನಕ್ಕರು. ಹೂಬರ್ಟ್ ಕೆಮ್ಮಿದ. ನಿಜ, ಮೊದಲು ಬಂದವನು ವೆಂಡೆಲಿನ್, ನಾನೆಂದೂ ಅದನ್ನು ಇಲ್ಲ ಎಂದಿಲ್ಲ ಎಂದ. ಆದರೆ ಇವನೊಬ್ಬನೇ ಅಲ್ಲ. ನಲವತ್ತೊಂಬತ್ತರಲ್ಲೂ ಮಂಜು ಬಿದ್ದಿತ್ತು, ಆಗಲೂ ಅರ್ಧ ಬೆಟ್ಟ ಓಡಿಸಿದ್ದರು, ಗೆದ್ದವನು ಆಚೆ ಕಣಿವೆಯ ಎಗೋನ್ ಪಿರ್ಖರ್, ಅವನಿಗೂ ನಮ್ಮಪ್ಪ ‘ನಡೆಯಲಿಲ್ಲ’ ಎಂದೇ ಬರೆಸಿದ್ದ. ಅವನು ಸತ್ತು ಇಪ್ಪತ್ತು ವರ್ಷವಾಯಿತು, ಒಂದು ಅರ್ಜಿಯನ್ನೂ ಬರೆಯಲಿಲ್ಲ. ಇವನು ಕೂಗಿದ ಎಂದು ಇವನಿಗೆ ಕೊಟ್ಟರೆ, ಕೂಗದೆ ಸತ್ತವನಿಗೆ ಏನು ಹೇಳುವುದು?

 ವೆಂಡೆಲಿನ್ ಆ ಹಲಗೆಯನ್ನು ಸಾವಿರ ಸಲ ನೋಡಿದ್ದ. ಅಲ್ಲಿ ನಲವತ್ತೊಂಬತ್ತರ ಎದುರೂ ‘ನಡೆಯಲಿಲ್ಲ’ ಎಂದಿದ್ದದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ, ಅದರ ಹಿಂದೆಯೂ ಒಬ್ಬ ಮನುಷ್ಯನಿದ್ದ ಎಂದು ಹೊಳೆದಿರಲಿಲ್ಲ.

“ಅವನ ಹೆಸರನ್ನೂ ಕೆತ್ತುತ್ತೀನಿ,” ಎಂದ. “ಮೊದಲು ಅವನದು, ಆಮೇಲೆ ನಂದು.”

ಕೈ ಎತ್ತಿಸಿದರು. ಒಂಬತ್ತು ಕೈ ಅವನ ಕಡೆಗೆ, ಹನ್ನೊಂದು ಎದುರಿಗೆ. ಹಳೆಯದನ್ನು ಕೆದಕುವುದು ಬೇಡ, ಪಟ್ಟಿಯಲ್ಲಿದ್ದಂತೆ ಇರಲಿ ಎಂದು ತೀರ್ಮಾನವಾಯಿತು. ಇಡೀ ಜೀವಮಾನದಲ್ಲಿ ಅವನಿಗೆ ಅಷ್ಟು ಕೈ ಎದ್ದದ್ದು ಅದೇ ಮೊದಲು ಎಂದು ಬುರ್ಗಿ ದಾರಿಯಲ್ಲಿ ಸಮಾಧಾನ ಹೇಳಿದಳು. ಎರಡೇ ಕೈ ಕಡಿಮೆಯಾಯಿತು ಎಂಬುದು ಅವನಿಗೆ ಇನ್ನಷ್ಟು ಉರಿಯಿತು. ಇಪ್ಪತ್ತೂ ಎದುರಿದ್ದರೆ ಒಳ್ಳೆಯದಿತ್ತು, ಆಗ ಅದು ಗೋಡೆ. ಇದು ಬೇಲಿ, ದಾಟಬಹುದಿತ್ತು ಎಂದ.

ಓಟಕ್ಕೆ ನಾಲ್ಕು ದಿನ ಮೊದಲು ಅವನು ಹಲಗೆಯನ್ನು ಕೈಗಾಡಿಯಲ್ಲಿ ತಂದು ಹಜಾರದಲ್ಲಿ ಇಳಿಸಿದ. ಹೊಳಪು ಕೊಟ್ಟ ಕೆಂಪು ಮರ, ಒಂದೇ ಅಳತೆಯ ಅಕ್ಷರಗಳು. ಯುದ್ಧದ ವರ್ಷಗಳ ಎದುರು, ಹಿಮವಿಲ್ಲದ ವರ್ಷಗಳ ಎದುರು ‘ಓಟ ನಡೆಯಲಿಲ್ಲ’ ಎಂದು ಕೆತ್ತಿದ್ದ. ೧೯೪೯ ಮತ್ತು ೧೯೬೧ರ ಎದುರು ಏನೂ ಇರಲಿಲ್ಲ. ಬರಿಯ ಮರ.

ಕಾರ್ಯದರ್ಶಿ ಪಟ್ಟಿ ತೆಗೆದು ತೋರಿಸಿದ. ವೆಂಡೆಲಿನ್ ನೋಡಲಿಲ್ಲ. ನನ್ನ ಹೆಸರು ಕೆತ್ತಬೇಡಿ ಅಂದಿರಿ, ಕೆತ್ತಿಲ್ಲ; ನಡೆದದ್ದನ್ನು ನಡೆಯಲಿಲ್ಲ ಅಂತ ನನ್ನ ಕೈಯಿಂದ ಕೆತ್ತಿಸಲಾರಿರಿ, ಬೇಕಾದರೆ ಬೇರೆಯವರನ್ನು ಕರೆಸಿ ಎಂದು ಹೇಳಿ, ಖಾಲಿ ಗಾಡಿ ತಳ್ಳಿಕೊಂಡು ಹೊರಟುಹೋದ. ನಾಲ್ಕು ದಿನದಲ್ಲಿ ಯಾರನ್ನು ಕರೆಸುವುದು? ಹಾಗೆಯೇ ಗೋಡೆಗೆ ಹಾಕಿದರು. ಆಮೇಲೆ ಮಾಡಿಸೋಣ ಎಂದರು. ಆಮೇಲೆ ಯಾರೂ ಮಾಡಿಸಲಿಲ್ಲ.

ಅದರಿಂದ ಆದದ್ದಿಷ್ಟು. ಹೋಟೆಲಿಗೆ ಬಂದವರು ಹಲಗೆ ಓದುತ್ತ ಓದುತ್ತ ಅರವತ್ತೊಂದಕ್ಕೆ ಬಂದು ನಿಲ್ಲುತ್ತಿದ್ದರು. ಇಲ್ಲೇನಾಯಿತು ಎಂದು ಕೇಳುತ್ತಿದ್ದರು. ಒಲೆಯ ಪಕ್ಕ ಕೂತ ಮುದುಕನೇ ಹಳಬ ಎಂದು ಯಾರನ್ನು ಕೇಳಿದರೂ ಹೂಬರ್ಟ್‌ನ ಕಡೆ ಕೈ ತೋರಿಸುತ್ತಿದ್ದರು. ಅವನು ಮೂರು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತ, ಮಂಜು ಬಿದ್ದದ್ದು, ಅರ್ಧ ಬೆಟ್ಟದಿಂದ ಓಡಿಸಿದ್ದು, ಊರಿನ ಬಡಗಿ ಗೆದ್ದದ್ದು ಎಲ್ಲ ಹೇಳಬೇಕಾಗುತ್ತಿತ್ತು. ಚಳಿಗಾಲವೆಲ್ಲ, ದಿನಕ್ಕೆ ಮೂರು ಸಲ ನಾಲ್ಕು ಸಲ.

ಬುರ್ಗಿಯ ಬಾಯಿಂದ ಇದನ್ನು ಕೇಳಿ ವೆಂಡೆಲಿನ್‌ಗೆ ಮೊದಲು ನಗು ಬಂತು. ಆಮೇಲೆ ಹೂಬರ್ಟ್ ಹೇಳುವುದರಲ್ಲಿ ತಪ್ಪಿದೆ ಎಂದು ತಿಳಿಯಿತು: ಮಂಜು ಅಷ್ಟೇನೂ ದಟ್ಟವಿರಲಿಲ್ಲ, ಇವನು ಅರ್ಧ ಸೆಕೆಂಡಿನಲ್ಲಿ ಗೆದ್ದ ಎನ್ನುತ್ತಾನಂತೆ. ಕೂಡಲೇ ಟೋಪಿ ಹಾಕಿಕೊಂಡು ಹೋದ. ಇಪ್ಪತ್ತನಾಲ್ಕು ವರ್ಷದ ಮೇಲೆ ಆ ಹೋಟೆಲಿನ ಊಟದ ಕೋಣೆಗೆ ಕಾಲಿಟ್ಟು, ಹೂಬರ್ಟ್‌ನ ಎದುರಿನ ಕುರ್ಚಿ ಎಳೆದು ಕೂತ.

“ಎಷ್ಟು ದೂರ ಕಾಣ್ತಿತ್ತು ಅವತ್ತು, ಹೇಳು ನೋಡೋಣ.”

“ಐವತ್ತು ಮೀಟರ್ ಕಾಣ್ತಿತ್ತು.”

“ಇಪ್ಪತ್ತೂ ಇರಲಿಲ್ಲ. ನೀನು ಕೆಳಗಿದ್ದೆ, ಬಿಸಿ ವೈನು ಕುಡೀತ. ಮೇಲಿದ್ದೋನು ನಾನು.”

ಆಮೇಲೆ ನಾಲ್ಕು ಚಳಿಗಾಲ ಇಬ್ಬರೂ ಹಾಗೇ ಕೂತರು. ಕೇಳಿದವರಿಗೆ ಹೂಬರ್ಟ್ ಹೇಳುತ್ತಿದ್ದ, ವೆಂಡೆಲಿನ್ ಅಡ್ಡಬಾಯಿ ಹಾಕುತ್ತಿದ್ದ. ಒಂದು ಸಲವೂ ಪೂರ್ತಿ ಕಥೆ ಜಗಳವಿಲ್ಲದೆ ಮುಗಿಯಲಿಲ್ಲ. ಹೂಬರ್ಟ್ ತೀರಿಕೊಂಡ ವರ್ಷ, ಓಟದ ದಿನ ಒಬ್ಬಳು ಪ್ರವಾಸಿ ಹಲಗೆಯ ಮುಂದೆ ನಿಂತು, ಈ ಖಾಲಿ ಬಿಟ್ಟ ವರ್ಷಗಳಲ್ಲಿ ಏನಾಯಿತು ಎಂದು ಹೋಟೆಲಿನ ಹುಡುಗಿಯನ್ನು ಕೇಳಿದಳು. ಹುಡುಗಿ ಗೊತ್ತಿಲ್ಲ ಎಂದಳು. ಕಿಟಕಿಯಾಚೆ ಧ್ವನಿವರ್ಧಕ ತಾಲರ್ ಗುಂಡಿ ಎನ್ನುತ್ತಿತ್ತು. ವೆಂಡೆಲಿನ್ ಕಾಫಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಆ ಹೆಂಗಸನ್ನು ಕರೆದು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡ. ನಲವತ್ತೊಂಬತ್ತರಲ್ಲಿ ಆಚೆ ಕಣಿವೆಯ ಎಗೋನ್ ಪಿರ್ಖರ್ ಎಂಬವನೊಬ್ಬ ಗೆದ್ದಿದ್ದ ಎಂದು ಶುರುಮಾಡಿದ.